ಕೃಷ್ಣೆಯ ದಂಡೆಯ ದೊಡ್ಡ ಎತ್ತು: ತಳಿ ಉಳಿಯಬೇಕಾದರೆ ಹೋರಿಗಳು ಹಲವಿರಬೇಕು

ಯಡೂರಿನಿಂದ ಕುಡಚಿ, ಉಗಾರದ ಕಡೆಗೆ ಹೊರಟರೆ ಕಣ್ಣು ಹಾಯಿಸಿದಷ್ಟೂ ಕಬ್ಬು. ನಿಪ್ಪಾಣಿ ಸೀಮೆಯ ವೇದಗಂಗೆಯನ್ನು ಕೂಡಿಕೊಂಡು ಬರುವ ದೂಧಗಂಗೆ ಚಿಕ್ಕೋಡಿ ತಾಲ್ಲೂಕಿನಲ್ಲಿ ಕೃಷ್ಣೆಗೆ ಸೇರುತ್ತದೆ. ಮುಂದೆ ರಾಯಬಾಗ, ಕಾಗವಾಡ, ಅಥಣಿಯವರೆಗೂ ನದಿಯ ಎರಡೂ ದಂಡೆಗೆ ಎರೆ ಭೂಮಿ. ಕೃಷ್ಣಾ ವ್ಯಾಲಿ ದನದ ತವರು ಈ ನೆಲ.

ಮಳೆ ಬಿದ್ದರೆ ಕಾಲು ಕಿತ್ತಿಡಲಾಗದ ಮಣ್ಣಿದು. ಇದನ್ನು ಉಳಲು ಭಾರೀ ದೇಹದ ಎತ್ತೇ ಬೇಕಿತ್ತು. 19ನೇ ಶತಮಾನದಲ್ಲಿ ದಕ್ಷಿಣ ಮರಾಠಾ ಸೀಮೆಯ ಸಂಸ್ಥಾನಿಕರ ಆಸಕ್ತಿಯಿಂದ ಗಿರ್, ಓಂಗೋಲ್, ಕಾಂಕ್ರೇಜ್ ಹಾಗೂ ಮೈಸೂರು ಕಡೆಯ ದನಗಳ ರಕ್ತ ಇಲ್ಲಿ ಬೆರೆತು ಈ ತಳಿ ರೂಪುಗೊಂಡಿತು. ಬೂದು ಬಿಳುಪು ಮೈ, ಉಬ್ಬಿದ ಹಣೆ, ಒಳಬಾಗಿದ ಚಿಕ್ಕ ಕೊಂಬು, ಜೋಲುವ ಗಂಗೆದೊಗಲು, ಗಿಡ್ಡನೆಯ ದಪ್ಪ ಕಾಲು. ನಡಿಗೆ ನಿಧಾನ, ಎಳೆತ ಗಟ್ಟಿ.

ಟ್ರ್ಯಾಕ್ಟರ್ ಬಂತು, ಹಾಲಿಗಾಗಿ ಎಚ್‌.ಎಫ್‌., ಜರ್ಸಿ ಮಿಶ್ರತಳಿ ಬಂತು. ಚುರುಕು ನಡಿಗೆಯ ಖಿಲಾರಿಯನ್ನೇ ರೈತರು ಮೆಚ್ಚಿದರು. ಕೃಷ್ಣಾ ವ್ಯಾಲಿ ಕೆಲವೇ ಕೊಟ್ಟಿಗೆಗಳಿಗೆ ಸೀಮಿತವಾಯಿತು.

ಇಂಥ ತಳಿಯನ್ನು ಉಳಿಸಲು ತಲೆ ಎಣಿಸಿದರೆ ಸಾಲದು. ತಳಿವಿಜ್ಞಾನದ ಲೆಕ್ಕದಲ್ಲಿ 100 ಆಕಳಿಗೆ ಒಂದೇ ಬೀಜದ ಹೋರಿ ಇದ್ದರೆ ವಂಶವೈವಿಧ್ಯದಲ್ಲಿ ಆ ಹಿಂಡಿನ ನಿಜವಾದ ಬಲ ಬರೀ 4 ದನದಷ್ಟು. 10 ಹೋರಿಗಳಿದ್ದರೆ ಸುಮಾರು 36. ಹೋರಿ ಒಂದೇ ಆದಾಗ ಕರುಗಳೆಲ್ಲ ಒಡಹುಟ್ಟುಗಳಾಗುತ್ತವೆ. ಅವುಗಳೊಳಗೇ ಸಂತತಿ ಬೆಳೆದರೆ ಗರ್ಭ ಕಟ್ಟುವುದು ಕುಗ್ಗುತ್ತದೆ, ರೋಗ ತಡೆಯುವ ಶಕ್ತಿ ಇಳಿಯುತ್ತದೆ.

ಗಿರ್ ಹೋರಿ ಬಂದ ಸೌರಾಷ್ಟ್ರದ ಸಿಂಹಗಳು ಕಲಿಸುವ ಪಾಠವೂ ಇದೇ. ಬೇಟೆಯಿಂದ ಬೆರಳೆಣಿಕೆಗೆ ಇಳಿದಿದ್ದ ಅವು ರಕ್ಷಣೆ ಸಿಕ್ಕಿದ್ದರಿಂದ 2025ರ ಗಣತಿಯಲ್ಲಿ 891 ಆದವು. ಆದರೆ ಎಲ್ಲವೂ ಅಳಿದುಳಿದ ಕೆಲವೇ ಸಿಂಹಗಳ ಸಂತಾನ. ಕಳೆದುಹೋದ ವಂಶವೈವಿಧ್ಯ ಸಂಖ್ಯೆ ಏರಿದ ಮಾತ್ರಕ್ಕೆ ಮರಳಲಿಲ್ಲ. 2018ರಲ್ಲಿ ಕೆನೈನ್ ಡಿಸ್ಟೆಂಪರ್ ವೈರಸ್ ತಗುಲಿ ಸಿಂಹಗಳು ಸತ್ತಾಗ, ಎಲ್ಲವೂ ಒಂದೇ ಸೀಮೆಯಲ್ಲಿರುವುದರ ಅಪಾಯವೂ ಕಣ್ಣಿಗೆ ಬಿತ್ತು. ಒಂದಷ್ಟನ್ನು ಮಧ್ಯಪ್ರದೇಶದ ಕುನೋಗೆ ಕಳಿಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿತ್ತು.

ಸಿಂಹಕ್ಕೆ ಬೇರೆ ಕಾಡು ಹುಡುಕಬೇಕು. ನಮ್ಮ ದನಕ್ಕೆ ಅಷ್ಟು ಕಷ್ಟವಿಲ್ಲ. ಊರೂರಿನಲ್ಲಿ ಉಳಿದಿರುವ ಹೋರಿಗಳ ವಂಶಾವಳಿ ಬರೆದಿಡಬೇಕು, ರಕ್ತ ಪರೀಕ್ಷಿಸಿ ಸಂಬಂಧ ತಿಳಿಯಬೇಕು, ದೂರದ ಸಂಬಂಧದ ಹೋರಿಗಳ ವೀರ್ಯ ಸಂಗ್ರಹಿಸಿ ಆಕಳುಗಳಿಗೆ ಹಂಚಬೇಕು. ಮನೆಯಲ್ಲಿ ಕೃಷ್ಣಾ ವ್ಯಾಲಿ ಹೋರಿಗರು ಇದ್ದವರು ಅದರ ಬೀಜ ಒಡೆಸುವ ಮೊದಲು, ಮಾರುವ ಮೊದಲು ಹತ್ತಿರದ ಪಶು ಆಸ್ಪತ್ರೆಗೆ ಒಂದು ಮಾತು ತಿಳಿಸಿ. ಈ ತಳಿಯ ಪಾಲಿಗೆ ಪ್ರತಿ ಹೋರಿಯೂ ಲೆಕ್ಕಕ್ಕಿದೆ.