ಮಣ್ಣಿನ ಮನೆಯೂ ಕೈಕಲಿಕೆಯ ವಿದ್ಯೆಯೂ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯನ್ನು ಅರಿಯದವರು ನಮ್ಮಲ್ಲಿಲ್ಲ. ಈ ಎರಡು ಕಾರ್ಯಗಳೂ ಗೃಹಸ್ಥನ ಗಂಟನ್ನು ಕರಗಿಸತಕ್ಕವುಗಳೆಂದೇ ಎಲ್ಲರೂ ಅರ್ಥಮಾಡುವರು. ಆದರೆ ಈ ಮಾತಿಗೆ ಮತ್ತೊಂದು ಅರ್ಥವೂ ಉಂಟೆಂಬುದು ಅರುವತ್ತನೆಯ ವಯಸ್ಸಿನಲ್ಲಿ ನನಗೆ ಹೊಳೆಯಿತು. ಗಾದೆಯು "ಕಟ್ಟಿ ನೋಡು" ಎಂದು ಹೇಳುತ್ತದೆಯೇ ಹೊರತು "ಕಟ್ಟಿಸಿ ನೋಡು" ಎಂದು ಹೇಳುವುದಿಲ್ಲ. ಗೋಡೆಯ ಗುಣದೋಷಗಳು ಅದಕ್ಕೆ ಕೈಹಚ್ಚಿದವನಿಗೆ ತಿಳಿಯುವಷ್ಟು ಹಣ ತೆತ್ತವನಿಗೆ ತಿಳಿಯಲಾರವು. ಇದನ್ನು ನಾನು ಕಲಿತ ಬಗೆಯನ್ನು ವಾಚಕರಲ್ಲಿ ನಿವೇದಿಸುವುದೇ ಈ ಲೇಖನದ ಉದ್ದೇಶವು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಕಲ್ಲಿನ ಸೀಮೆ. ಮಳೆ ಕಡಿಮೆ, ಬಿಸಿಲು ಹೆಚ್ಚು. ಮಧುಗಿರಿಯ ಬೆಟ್ಟವೇ ಒಂದು ಅಖಂಡವಾದ ಬಂಡೆ. ಆದುದರಿಂದ ನಮ್ಮ ಹಿರಿಯರು ಬಂಡೆಯಿಂದ ಎಬ್ಬಿಸಿದ ಚಪ್ಪಡಿಗಳನ್ನೂ, ಹೊಲದ ಮಣ್ಣನ್ನೂ, ಬೇಲಿಯ ಮರವನ್ನೂ ಸೇರಿಸಿ ಮನೆ ಕಟ್ಟಿದರು. ಮೊಳದಗಲದ ಮಣ್ಣಿನ ಗೋಡೆ. ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಕಡ್ಡಿ ಸೊಪ್ಪು ಹಾಸಿ ಮೆತ್ತಿದ ಮಣ್ಣು. ಎಲ್ಲಕ್ಕೂ ಮೇಲೆ ಒಂದು ಪದರ ಚೌಳುಮಣ್ಣು. ಬೆಳೆಗೆ ಬಾರದ ಈ ಚೌಳುಮಣ್ಣು ಮಾಳಿಗೆಗೆ ಮಾತ್ರ ಅತಿ ಶ್ರೇಷ್ಠವಾದುದು. ಅದರಲ್ಲಿರುವ ಕ್ಷಾರದ ಕಾರಣದಿಂದ ಮೊದಲ ಮಳೆಗೇ ಅದರ ಸೂಕ್ಷ್ಮಕಣಗಳು ಬಿಡಿಬಿಡಿಯಾಗಿ ರಂಧ್ರಗಳನ್ನು ಮುಚ್ಚಿಬಿಡುವುವು. ನೀರು ಒಳಕ್ಕೆ ಇಳಿಯದೆ ಜಾರಿಹೋಗುವುದು. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಚೌಳು ಹರಡುವುದು ಗಂಡಸರ ಕೆಲಸ. ಗೋಡೆಗೆ ಕೆಮ್ಮಣ್ಣು ಬಳಿದು ನೆಲ ಸಾರಿಸುವುದು ಹೆಂಗಸರ ಕೆಲಸ. ಹೀಗೆ ಮನೆಯ ರಕ್ಷಣೆಯು ಮನೆಯವರ ಕೈಯಲ್ಲಿಯೇ ಇದ್ದಿತು.

ನಮ್ಮ ತಂದೆಯವರು ಬಿಟ್ಟುಹೋದ ಮನೆಯೂ ಇಂಥದೇ. ನಾನು ಉದ್ಯೋಗದ ನಿಮಿತ್ತ ಊರೂರು ಸುತ್ತಿ, ನಿವೃತ್ತನಾಗುವ ಕೆಲವು ವರ್ಷ ಮುಂಚೆ ಅದನ್ನು "ಭದ್ರಪಡಿಸಬೇಕೆಂದು" ಹೊರಗೋಡೆಗಳಿಗೆಲ್ಲ ಸಿಮೆಂಟಿನ ಗಾರೆ ಮಾಡಿಸಿದೆನು. ನೋಡುವುದಕ್ಕೆ ಅಂದವಾಯಿತು, ನೆಂಟರೂ ಮೆಚ್ಚಿದರು. ಮೂರನೆಯ ಮಳೆಗಾಲದಲ್ಲಿ ಒಂದು ರಾತ್ರಿ ಪಡುವಣ ಗೋಡೆಯು ಒಳಮುಖವಾಗಿ ಕುಸಿಯಿತು. ಆ ಗೋಡೆಯ ಪಕ್ಕದಲ್ಲಿ ಪ್ರತಿದಿನವೂ ಮಲಗುತ್ತಿದ್ದ ನನ್ನ ಮೊಮ್ಮಗನು ಆ ರಾತ್ರಿ ಹಟಮಾಡಿ ಅಜ್ಜಿಯ ಮಗ್ಗುಲಿಗೆ ಹೋಗಿದ್ದನು. ಹೆಚ್ಚು ಹೇಳಲಾರೆನು. ಬೆಳಗ್ಗೆ ಬಂದು ನೋಡಿದ ಹಳೆಯ ಗೋಡೆಕೆಲಸದ ಮುದುಕನು, "ಬೆವರೋ ಮೈಗೆ ತಗಡಿನ ಅಂಗಿ ತೊಡಿಸಿಬಿಟ್ರಲ್ಲ ಮೇಷ್ಟ್ರೇ" ಎಂದನು. ನೆಲದಿಂದ ಏರಿದ ತೇವವೂ ಬಿರುಕಿನಿಂದ ಇಳಿದ ನೀರೂ ಸಿಮೆಂಟಿನ ಹಿಂದೆ ಸಿಕ್ಕಿಕೊಂಡು, ಹೊರಕ್ಕೆ ಆರಲು ದಾರಿಯಿಲ್ಲದೆ, ಗೋಡೆಯ ಬುಡವನ್ನು ಕೆಸರು ಮಾಡಿದ್ದುವು. ಕೆಮ್ಮಣ್ಣಿನ ಲೇಪನವಿದ್ದಿದ್ದರೆ ಆ ತೇವವು ಬಿಸಿಲಿಗೆ ಆರಿಹೋಗುತ್ತಿದ್ದಿತು.

ಈ ಸಂಗತಿಯಲ್ಲಿ ನನಗೆ ನಾಚಿಕೆಯಾಗಲು ವಿಶೇಷ ಕಾರಣವುಂಟು. ಶೂದ್ರಕನ ಮೃಚ್ಛಕಟಿಕದ ಮೂರನೆಯ ಅಂಕದಲ್ಲಿ ಕಳ್ಳನಾದ ಶರ್ವಿಲಕನು ಕನ್ನ ಕೊರೆಯುವ ಮುನ್ನ ಗೋಡೆಗಳನ್ನು ವಿಂಗಡಿಸುವನು: ಸುಟ್ಟ ಇಟ್ಟಿಗೆಯದನ್ನು ಕೀಳಬೇಕು, ಹಸಿಯ ಇಟ್ಟಿಗೆಯದನ್ನು ಕತ್ತರಿಸಬೇಕು, ಮಣ್ಣುಮುದ್ದೆಯದನ್ನು ನೀರಿನಿಂದ ನೆನೆಸಬೇಕು, ಮರದ್ದನ್ನು ಸೀಳಬೇಕು ಎಂದು. ಮಣ್ಣಿನ ಗೋಡೆಗೆ ನೀರೇ ಶತ್ರುವೆಂದು ಕಳ್ಳನಿಗೆ ತಿಳಿದಿದ್ದಿತು; ಆ ನಾಟಕವನ್ನು ಹತ್ತಾರು ಸಲ ಓದಿದ ನನಗೆ ತಿಳಿದಿರಲಿಲ್ಲ! ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯ ವಾಸ್ತುವಿದ್ಯೆಯ ಅಧ್ಯಾಯದಲ್ಲಿ ಭೂಮಿಯ ಪರೀಕ್ಷೆಯನ್ನು ಹೇಳಿದೆ. ಒಂದು ಹಸ್ತಪ್ರಮಾಣದ ಗುಂಡಿಯನ್ನು ತೋಡಿ, ತೆಗೆದ ಮಣ್ಣನ್ನೇ ತಿರುಗಿ ತುಂಬಬೇಕು. ಮಣ್ಣು ಮಿಕ್ಕರೆ ಉತ್ತಮ, ಸಮವಾದರೆ ಮಧ್ಯಮ, ಸಾಲದಾದರೆ ಅಧಮ. ಇದನ್ನೂ ನಾನು ಬಾಯಲ್ಲಿ ವಿವರಿಸಿದ್ದೆನೇ ಹೊರತು ಕೈಯಲ್ಲಿ ಗುದ್ದಲಿ ಹಿಡಿದು ಒಮ್ಮೆಯೂ ಪರೀಕ್ಷಿಸಿರಲಿಲ್ಲ.

ಆದಕಾರಣ, ಬೆಂಗಳೂರಿನ ಹೊರವಲಯದಲ್ಲಿ ಮಣ್ಣಿನ ಕಟ್ಟಡದ ಕೆಲಸವನ್ನು ಕೈಯಿಂದ ಮಾಡಿಸಿ ಕಲಿಸುವ ಆರು ದಿವಸಗಳ ಶಿಬಿರವೊಂದು ನಡೆಯುವುದೆಂದು ಕೇಳಿ, ಪಂಚೆಯನ್ನು ಮೇಲಕ್ಕೆ ಕಟ್ಟಿ ನಾನೂ ಹೋದೆನು. ಮೊದಲನೆಯ ದಿನವೆಲ್ಲ ಮಣ್ಣಿನ ಪರೀಕ್ಷೆಯೇ. ಗಾಜಿನ ಸೀಸೆಯಲ್ಲಿ ಮಣ್ಣನ್ನೂ ನೀರನ್ನೂ ಹಾಕಿ ಚೆನ್ನಾಗಿ ಕುಲುಕಿ ಇಟ್ಟರೆ, ಮರಳು ಕ್ಷಣಮಾತ್ರದಲ್ಲಿ ತಳ ಸೇರುವುದು, ನುಣುಪಾದ ಹುಡಿ ಅದರ ಮೇಲೆ ನಿಲ್ಲುವುದು, ಜೇಡಿ ಎಲ್ಲಕ್ಕಿಂತ ತಡವಾಗಿ ಇಳಿಯುವುದು. ಬೆಳಗಾಗುವಷ್ಟರಲ್ಲಿ ಮೂರು ಪದರಗಳನ್ನು ಅಳೆದು ನೋಡಬಹುದು. ಸಿಮೆಂಟು ಬೆರೆಸಿ ಒತ್ತುವ ಇಟ್ಟಿಗೆಗೆ ಮರಳಿನ ಅಂಶ ಹೆಚ್ಚಾಗಿಯೂ ಜೇಡಿಯು ನೂರಕ್ಕೆ ಹತ್ತು ಹದಿನೈದು ಪಾಲಾಗಿಯೂ ಇರುವುದು ಲೇಸು. ಎರೆಮಣ್ಣು ನೆನೆದರೆ ಉಬ್ಬುವುದು, ಒಣಗಿದರೆ ಸೀಳುವುದು. ಅದಕ್ಕೆ ಸುಣ್ಣದ ಸಹಾಯ ಬೇಕು. ತೇವದ ಹದವನ್ನು ತಿಳಿಯಲು ಕಲಸಿದ ಮಣ್ಣಿನ ಉಂಡೆಯನ್ನು ಸೊಂಟದೆತ್ತರದಿಂದ ಬಿಡತಕ್ಕದ್ದು: ಪುಡಿಯಾದರೆ ನೀರು ಸಾಲದು, ಒಡೆಯದೆ ಚಪ್ಪಟೆಯಾದರೆ ನೀರು ಹೆಚ್ಚು, ನಾಲ್ಕಾರು ಹೋಳಾದರೆ ಹದ ಸರಿ. ಬಳಿಕ ನೂರಕ್ಕೆ ಸುಮಾರು ಏಳು ಪಾಲು ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಮೂರುನಾಲ್ಕು ವಾರ ನೆರಳಿನಲ್ಲಿ ನೀರು ಚಿಮುಕಿಸುತ್ತ ಇಡುವುದು. ಬೆಂಕಿಯ ಮಾತೇ ಇಲ್ಲ.

ಈ ವಿದ್ಯೆಗೆ ನಮ್ಮ ಜಿಲ್ಲೆಯೊಡನೆ ಹಳೆಯ ನಂಟುಂಟೆಂಬುದನ್ನು ಅನೇಕರು ಅರಿಯರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಎ. ಕೆ. ಎನ್. ರೆಡ್ಡಿಯವರ ಮುಂದಾಳುತನದಲ್ಲಿ "ಅಸ್ತ್ರ" ಎಂಬ ಹೆಸರಿನ ಘಟಕವು ಹುಟ್ಟಿತು. ಗ್ರಾಮಗಳಿಗೆ ವಿಜ್ಞಾನವನ್ನು ಒದಗಿಸುವುದು ಅದರ ಗುರಿಯಾಗಿದ್ದಿತು. ಅದರ ವಿಸ್ತರಣ ಕೇಂದ್ರವು ನೆಲೆಗೊಂಡುದು ತುಮಕೂರು ಜಿಲ್ಲೆಯ ಕುಣಿಗಲು ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ. ಪ್ರೊಫೆಸರ್ ಕೆ. ಎಸ್. ಜಗದೀಶ್ ಮೊದಲಾದವರು ಅಲ್ಲಿಯ ಪ್ರಯೋಗಗಳಲ್ಲಿ ಮಣ್ಣಿನ ಇಟ್ಟಿಗೆಯನ್ನು ಪಳಗಿಸಿದರು. ಅವರೂ ಬಿ. ವಿ. ವೆಂಕಟರಾಮ ರೆಡ್ಡಿಯವರೂ 2003ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಸುಟ್ಟ ಇಟ್ಟಿಗೆಯ ಗೋಡೆಗೆ ವ್ಯಯವಾಗುವ ಶಕ್ತಿಯ ಸುಮಾರು ಮೂರನೆಯ ಒಂದು ಪಾಲಿನಲ್ಲಿಯೇ ಅಷ್ಟು ಗಾತ್ರದ ಈ ಗೋಡೆಯು ಏಳುವುದು. ಪುದುಚೇರಿಯ ಬಳಿಯ ಆರೋವಿಲ್ಲೆಯಲ್ಲಿಯೂ 1989ರಿಂದ ಒಂದು ಮಣ್ಣಿನ ಕಟ್ಟಡದ ಸಂಸ್ಥೆಯಿದ್ದು, ದೇಶವಿದೇಶಗಳ ವಿದ್ಯಾರ್ಥಿಗಳಿಗೆ ಕಮಾನು ಗುಮ್ಮಟಗಳನ್ನು ಕೈಯಿಂದಲೇ ಕಟ್ಟಿಸಿ ಕಲಿಸುತ್ತಿದೆ. ಯೆಮೆನ್ ದೇಶದ ಶಿಬಾಮ್ ಪಟ್ಟಣದಲ್ಲಿ ಹಸಿಯ ಇಟ್ಟಿಗೆಯ ಬಹು ಅಂತಸ್ತಿನ ಮನೆಗಳು ಶತಮಾನಗಳಿಂದ ನಿಂತಿವೆ. ಆದರೆ 2008ರ ಪ್ರವಾಹದಲ್ಲಿ ಅವುಗಳಿಗೂ ಹಾನಿ ತಟ್ಟಿತು. ಶರ್ವಿಲಕನ ಮಾತು ಎಲ್ಲಿಯೂ ಸುಳ್ಳಲ್ಲ.

ಹಾಗಾದರೆ ಎಲ್ಲರೂ ಮಣ್ಣಿನ ಮನೆಯನ್ನೇ ಕಟ್ಟತಕ್ಕದ್ದೇ? ನಾನು ಹಾಗೆ ಹೇಳಲಾರೆ. ತಗ್ಗಿನಲ್ಲಿ ನೀರು ನಿಲ್ಲುವ ಕಡೆ ಅದು ಸಲ್ಲದು. ಗೋಡೆಯ ಬುಡಕ್ಕೆ ಕಲ್ಲಿನ ಅಡಿಪಾಯವೂ, ನೆತ್ತಿಗೆ ಗೋಡೆಯಿಂದ ಮುಂಚಾಚಿದ ಸೂರೂ ಇರಲೇಬೇಕು. ಕೂಲಿಯ ಖರ್ಚು ಹೆಚ್ಚೇ ಸರಿ; ಆದರೆ ಆ ಹಣವು ಊರಿನವರ ಕೈಗೇ ಸೇರುವುದು. ಮಣ್ಣಿನ ಮನೆಯೆಂದರೆ ಹೆಣ್ಣು ಕೊಡಲು ಹಿಂಜರಿಯುವವರೂ ಇದ್ದಾರೆ. ಅದು ಗೋಡೆಯ ದೋಷವಲ್ಲ.

ಶಿಬಿರದಿಂದ ಬಂದು ಬಿದ್ದ ಗೋಡೆಯ ಮಣ್ಣನ್ನೇ ಜರಡಿಯಾಡಿಸಿ, ಬೇಕಾದಷ್ಟು ಮರಳು ಬೆರೆಸಿ, ಇಟ್ಟಿಗೆ ಒತ್ತಿ ಪಡುವಣ ಗೋಡೆಯನ್ನು ಮತ್ತೆ ಎಬ್ಬಿಸಿದೆವು. ಆ ಮುದುಕನು ಕುಳಿತು ಹದ ಹೇಳಿದನು. ಮಗನೂ ಸೊಸೆಯೂ ಯಂತ್ರದ ಹಿಡಿಯನ್ನು ಜಗ್ಗಿದರು. ಮೊಮ್ಮಗನು ನೀರು ಚಿಮುಕಿಸಿದನು. ಉಳಿದ ಗೋಡೆಗಳ ಸಿಮೆಂಟನ್ನು ಕೆರೆದು ಕೆಮ್ಮಣ್ಣು ಬಳಿದೆವು. ಎರಡು ಮಳೆಗಾಲಗಳು ಕಳೆದಿವೆ, ಗೋಡೆ ನೆಟ್ಟಗಿದೆ. ಎರಡು ಮಳೆ ದೊಡ್ಡ ಸಾಕ್ಷಿಯೆಂದು ನಾನು ಹೇಳುವುದಿಲ್ಲ.

ಕಳೆದ ಮಾಘಮಾಸದಲ್ಲಿ ಆ ಮುದುಕನು ತೀರಿಕೊಂಡನು. ಚೌಳನ್ನು ನಾಲಗೆಗೆ ಹಚ್ಚಿ ಒಳ್ಳೆಯದು ಕೆಟ್ಟದು ಎಂದು ಹೇಳುತ್ತಿದ್ದವರಲ್ಲಿ ನಮ್ಮ ಊರಿಗೆ ಅವನೇ ಕಡೆಯವನು. ಅವನು ಬದುಕಿದ್ದಾಗ ನಾನು ಅವನಿಂದ ಕಲಿತುದು ಒಂದು ಗೋಡೆಯಷ್ಟು ಮಾತ್ರ. ವಾಚಕರ ಊರುಗಳಲ್ಲಿ ಅಂಥವರು ಇನ್ನೂ ಇರಬಹುದು. ಶಿಬಿರಗಳಿಗೆ ಹೋಗುವುದು ಒಳ್ಳೆಯದೇ. ಅದಕ್ಕೆ ಮುಂಚೆ ಬೀದಿಯ ಕೊನೆಯ ಜಗಲಿಯ ಮೇಲೆ ಕುಳಿತಿರುವ ಮುದುಕನನ್ನು ಮನೆಗೆ ಕರೆದು, ಅವನೆದುರಿಗೆ ಒಂದು ಮೊಳ ಗೋಡೆಯನ್ನಾದರೂ ಮಕ್ಕಳ ಕೈಯಿಂದ ಕಟ್ಟಿಸಿರಿ.