ಆರೈಕೆಗೂ ಬೇಕು ಮುಯ್ಯಾಳು

ಬೈಲಹೊಂಗಲ ತಾಲ್ಲೂಕಿನ ಹಳ್ಳಿಯೊಂದರ ಮನೆ. ದೀಪ ಹಚ್ಚುವ ಹೊತ್ತಾದರೆ ಸಾಕು, ಎಂಬತ್ತರ ಆಸುಪಾಸಿನ ಅಜ್ಜಿ ಎರಡು ಸೀರೆ ಗಂಟು ಕಟ್ಟಿಕೊಂಡು ಕಟ್ಟೆಯ ಮೇಲೆ ಬಂದು ಕೂರುತ್ತಾರೆ. ‘ಬಸ್ಸು ಬಂತೇನ? ನಮ್ಮ ಮನಿಗೆ ಹೋಗಬೇಕು’ ಎನ್ನುತ್ತಾರೆ. ಅರವತ್ತು ವರ್ಷ ಬಾಳಿದ್ದು ಅದೇ ಮನೆಯಲ್ಲಿ. ‘ಅತ್ತಿ, ಇದ ನಿಮ್ಮ ಮನಿ’ ಎಂದು ಸೊಸೆ ಮೊದಮೊದಲು ಹೇಳಿ ಹೇಳಿ ಸೋತಳು. ಹೇಳಿದಷ್ಟೂ ಅಜ್ಜಿಯ ಸಿಟ್ಟು ಏರುತ್ತಿತ್ತು.

ಈಗ ಆಕೆ ವಾದಕ್ಕೆ ಇಳಿಯುವುದಿಲ್ಲ. ಪಕ್ಕದಲ್ಲಿ ಕೂತು, ‘ತವರಮನ್ಯಾಗ ಎಮ್ಮಿ ಎಷ್ಟಿದ್ದುವು?’ ಎಂದು ಮಾತು ತೆಗೆಯುತ್ತಾಳೆ. ಮೆಂತ್ಯೆ ಸೊಪ್ಪಿನ ಕಟ್ಟು ಮುಂದಿಡುತ್ತಾಳೆ. ಮಗನ ಹೆಸರು ಮರೆತ ಅಜ್ಜಿಯ ಬೆರಳುಗಳು ಎಲೆ ಬಿಡಿಸುವುದನ್ನು ಮರೆತಿಲ್ಲ. ಕಟ್ಟು ಮುಗಿಯುವುದರೊಳಗೆ ಕಸಿವಿಸಿ ಇಳಿದಿರುತ್ತದೆ.

ಈ ಉಪಾಯ ಸೊಸೆಗೆ ಹೊಳೆಯಲು ಎರಡು ವರ್ಷ ಬೇಕಾಯಿತು. ಇದನ್ನು ಹೇಳಿಕೊಡುವವರು ಇದ್ದಾರೆ ಎಂಬುದೇ ಆಕೆಗೆ ತಿಳಿದಿರಲಿಲ್ಲ. ಕಿತ್ತೂರು, ಸವದತ್ತಿ, ರಾಮದುರ್ಗದ ಎಷ್ಟೋ ಮನೆಗಳಿಗೂ ತಿಳಿದಿಲ್ಲ.

ಅರಳು ಮರಳು ಅಲ್ಲ, ಕಾಯಿಲೆ

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಮರೆವು ಹೆಚ್ಚಾದ ಹಿರಿಯರನ್ನು ವೈದ್ಯರ ಬಳಿ ಕರೆದೊಯ್ಯಬೇಕೆಂದು ಯಾರಿಗೂ ಅನಿಸುವುದಿಲ್ಲ. ಡಿಮೆನ್ಶಿಯಾ ಮಿದುಳಿನ ಕಾಯಿಲೆಗಳಿಂದ ಬರುವ ಸ್ಥಿತಿ. ಅವುಗಳಲ್ಲಿ ಮುಖ್ಯವಾದದ್ದನ್ನು ಜರ್ಮನಿಯ ವೈದ್ಯ ಅಲೋಯ್ಸ್ ಅಲ್ಝೈಮರ್ 1906ರಲ್ಲೇ ವೈದ್ಯಲೋಕದ ಮುಂದಿಟ್ಟಿದ್ದರು. ಭಾರತದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆ ಎಂಬುದು 2023ರಲ್ಲಿ ಪ್ರಕಟವಾದ ಅಂದಾಜು.

ಬೇಗ ತೋರಿಸುವುದರಿಂದ ದೊಡ್ಡ ಲಾಭವಿದೆ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಬಿದ್ದಾಗ ತಲೆಯೊಳಗೆ ಸೋರಿದ ರಕ್ತ ಇವೂ ಮರೆವು ತರುತ್ತವೆ. ಇವಕ್ಕೆ ಚಿಕಿತ್ಸೆ ಇದೆ. ಅಲ್ಝೈಮರ್ ಆಗಿದ್ದರೆ ಪೂರ್ತಿ ಗುಣವಾಗದು, ಆದರೆ ಮುಂದೆ ಏನೇನು ಬರಲಿದೆ ಎಂದು ಮನೆಯವರಿಗೆ ತಿಳಿಯುತ್ತದೆ.

ಬಾಗಿಲು ಹತ್ತಿರದಲ್ಲೇ ಇದೆ

ಮೊದಲ ಬಾಗಿಲು ತಾಲ್ಲೂಕು ಆಸ್ಪತ್ರೆ. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಡಿ ನಿಗದಿತ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬಂದು ನೋಡುತ್ತಾರೆ. ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಹೋಗಬಹುದು.

ಎರಡನೆಯದು ಧಾರವಾಡದ ಡಿಮ್ಹಾನ್ಸ್. ಕಿತ್ತೂರಿನಿಂದ ಸುಮಾರು 30 ಕಿ.ಮೀ. 1845ರಲ್ಲಿ ಹುಚ್ಚಾಸ್ಪತ್ರೆಯಾಗಿ ಆರಂಭವಾದ ಈ ಸಂಸ್ಥೆ, 2009ರಿಂದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಗಿದೆ. ‘ಧಾರವಾಡಕ್ಕೆ ಕಳಸಬೇಕು’ ಎಂಬ ಮಾತು ನಮ್ಮ ಕಡೆ ಇಂದಿಗೂ ಬೈಗುಳ. ಆ ಅಂಜಿಕೆ ಬಿಡಬೇಕು. ಅದು ಬೇರೆಲ್ಲ ಆಸ್ಪತ್ರೆಗಳ ಹಾಗೆಯೇ ಒಂದು ಆಸ್ಪತ್ರೆ.

ಮೂರನೆಯದು ಕೈಯಲ್ಲಿರುವ ಫೋನು. ‘ಟೆಲಿ ಮಾನಸ್’ ಸಂಖ್ಯೆ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹಿರಿಯ ನಾಗರಿಕರ ಸಹಾಯವಾಣಿ 14567. ಇದರ ಜೊತೆಗೆ ಆರೋಗ್ಯ ಇಲಾಖೆ ಮತ್ತು ನಿಮ್ಹಾನ್ಸ್ 2022ರಲ್ಲಿ ಶುರುಮಾಡಿದ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮದಲ್ಲಿ ಡಿಮೆನ್ಶಿಯಾ ಕೂಡ ಸೇರಿದೆ. ಬೆಂಗಳೂರಿನಲ್ಲಿ 1998ರಿಂದ ದುಡಿಯುತ್ತಿರುವ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್, ಇಂಥ ಹಿರಿಯರಿಗೆಂದೇ ಆರೈಕೆ ಕೇಂದ್ರ ನಡೆಸುತ್ತಿದೆ. ಹಗಲು ಹೊತ್ತು ಹಿರಿಯರನ್ನು ನೋಡಿಕೊಳ್ಳುವ ಅಂಥ ಕೇಂದ್ರ ಕಿತ್ತೂರು ನಾಡಿಗೂ ಬರಬೇಕು.

ಕುಬಸದೊಳಗಿನ ಚೀಟಿ

2016ರಲ್ಲಿ ಬಂದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಅನಂತ್ ನಾಗ್ ಮಾಡಿದ, ಮರೆವಿನಿಂದ ಕಾಣೆಯಾಗುವ ತಂದೆಯ ಪಾತ್ರ ಎಲ್ಲರಿಗೂ ನೆನಪಿರಬೇಕು. ದಾರಿ ತಪ್ಪುವುದು ಈ ಕಾಯಿಲೆಯ ದೊಡ್ಡ ಅಪಾಯ. ಎಲ್ಲಮ್ಮನ ಗುಡ್ಡದ ಜಾತ್ರೆಯ ದಟ್ಟಣೆಯಲ್ಲಿ ಅಜ್ಜಿಯ ಕೈ ಬಿಟ್ಟುಹೋದರೆ ಗತಿಯೇನು? ಆ ಸೊಸೆ ಅತ್ತೆಯ ಪ್ರತಿ ಕುಬಸದ ಒಳಮಗ್ಗುಲಿಗೆ ಒಂದು ಬಟ್ಟೆಯ ಚೂರು ಹೊಲಿದಿದ್ದಾಳೆ. ಅದರ ಮೇಲೆ ಅಳಿಸದ ಮಸಿಯಲ್ಲಿ ಊರ ಹೆಸರು, ಫೋನ್ ಸಂಖ್ಯೆ. ಖರ್ಚಿಲ್ಲದ ಈ ಕೆಲಸವನ್ನು ಯಾವ ಮನೆಯವರೂ ಮಾಡಬಹುದು.

ಆದರೆ ಆ ಸೊಸೆಯನ್ನು ನೋಡಿಕೊಳ್ಳುವವರು ಯಾರು? ರಾತ್ರಿ ನಾಲ್ಕು ಸಲ ಏಳಬೇಕು, ಬೆಳಗಾದರೆ ರೊಟ್ಟಿ ಬಡಿಯಬೇಕು. ತವರಿನ ಸೀಮಂತಕ್ಕೂ ಹೋಗಲಾಗಿಲ್ಲ. ಪುಣೆಯಲ್ಲಿರುವ ಮೈದುನ ಫೋನಿನಲ್ಲಿ ‘ಅವ್ವನ್ನ ಚಂದಾಗಿ ನೋಡ್ಕೋರಿ’ ಎನ್ನುತ್ತಾನೆ. ಅವ್ವ ಅವನಿಗೂ ಅವ್ವನೇ ಅಲ್ಲವೇ?

ನಮ್ಮ ಸೀಮೆಯ ಒಕ್ಕಲುತನಕ್ಕೆ ಮುಯ್ಯಾಳಿನ ರೂಢಿ ಹೊಸದಲ್ಲ. ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಬಿತ್ತಿಗೆ, ಸುಗ್ಗಿಗೆ ಸಲ್ಲುವ ಈ ನ್ಯಾಯ ಆರೈಕೆಗೂ ಸಲ್ಲಬೇಕು. ಮಕ್ಕಳು ವಾರಗಳನ್ನು ಹಂಚಿಕೊಳ್ಳಲಿ. ದೂರ ಇರುವವರು ಔಷಧದ ಖರ್ಚು ಹೊರಲಿ, ವರ್ಷಕ್ಕೆ ಹದಿನೈದು ದಿನ ಬಂದು ಪಾಳಿ ನಿಲ್ಲಲಿ. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಸರದಿಯ ಮೇಲೆ ಒಂದೊಂದು ಮಧ್ಯಾಹ್ನ ಅಜ್ಜಿಯ ಪಕ್ಕ ಕೂರಲಿ.

ನಿಮ್ಮ ಓಣಿಯಲ್ಲೂ ಇಂಥ ಮನೆ ಇದ್ದೀತು. ಈ ವಾರ ಅಲ್ಲಿಗೆ ಹೋಗಿ. ‘ಅಜ್ಜಿ ಹ್ಯಾಂಗದಾರ?’ ಎಂದಷ್ಟೇ ಕೇಳಿ ಬರಬೇಡಿ. ‘ಎರಡು ತಾಸು ನಾ ಕೂಡತೇನಿ, ನೀ ಮಲಕೋ’ ಎಂದು ಆ ಸೊಸೆಗೆ ಹೇಳಿ.