ಗರ್ಭಸ್ಥ ಶಿಶುವಿನ ಶ್ರವಣ ಮತ್ತು ಬಾಗಲಕೋಟೆ ಕನ್ನಡದ ಧ್ವನಿಭೇದಗಳು

ಕೀಲಿಪದಗಳು: ಗರ್ಭಸ್ಥ ಶ್ರವಣ, ಲಯ, ದ್ವಿತ್ವ, ಮೂರ್ಧನ್ಯ

1. ಬಾದಾಮಿ, ಹುನಗುಂದ ಪರಿಸರದಲ್ಲಿ ಗರ್ಭಿಣಿಗೆ ಕುಬಸ ಮಾಡುವಾಗ ಹೆಂಗಸರು ಹಾಡು ಹೇಳುವ ವಾಡಿಕೆಯಿದೆ. ಆ ಹಾಡು, ತಾಯಿಯ ಮಾತು, ಇಳಕಲ್ಲಿನ ಮಗ್ಗದ ಸದ್ದು ಈ ಮೂರೂ ಗರ್ಭಸ್ಥ ಶಿಶುವನ್ನು ಒಂದೇ ಬಗೆಯಲ್ಲಿ ತಲುಪುವುದಿಲ್ಲ. ಈ ವ್ಯತ್ಯಾಸವನ್ನು ಅರಿಯದೆ ಭಾಷಾಕಲಿಕೆಯ ಆರಂಭವನ್ನು ವಿವರಿಸಲಾಗದು.

2. ಹೆಪರ್ ಮತ್ತು ಶಾಹಿದುಲ್ಲಾ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೊದಲ ಪ್ರತಿಕ್ರಿಯೆ 19ನೆಯ ವಾರದಲ್ಲಿ, 500 ಹರ್ಟ್ಸ್ ಧ್ವನಿಗೆ ಕಂಡುಬಂದಿತು. 27ನೆಯ ವಾರದ ಹೊತ್ತಿಗೆ 250 ಮತ್ತು 500 ಹರ್ಟ್ಸ್‌ಗೆ ಬಹುತೇಕ ಎಲ್ಲ ಶಿಶುಗಳೂ ಸ್ಪಂದಿಸಿದವು. 1000 ಮತ್ತು 3000 ಹರ್ಟ್ಸ್‌ಗೆ ಆಗ ಒಂದೂ ಸ್ಪಂದಿಸಲಿಲ್ಲ. ತಾಯಿಯ ಅಂಗಾಂಶಗಳೂ ಗರ್ಭದ್ರವವೂ ಮೇಲಿನ ಆವರ್ತನಗಳನ್ನು ಕುಗ್ಗಿಸುತ್ತವೆ. ಆದ್ದರಿಂದ ಮಾತಿನ ಏರಿಳಿತ, ಅವಧಿ, ಲಯಗಳು ಉಳಿದು, ವ್ಯಂಜನಗಳ ಸೂಕ್ಷ್ಮ ವಿವರಗಳು ಮಸುಕಾಗುತ್ತವೆ.

3. ಇದನ್ನು ಬಾಗಲಕೋಟೆಯ ಆಡುಮಾತಿಗೆ ಅನ್ವಯಿಸಬಹುದು. 'ಕತಿ' (ಕಥೆ) ಮತ್ತು 'ಕತ್ತಿ' (ಕತ್ತೆ) ಎಂಬ ಜೋಡಿಯಲ್ಲಿ ಭೇದವಿರುವುದು ವ್ಯಂಜನದ ಅವಧಿಯಲ್ಲಿ. ಅದು ಗರ್ಭದೊಳಗೂ ಉಳಿಯುವ ಸಾಧ್ಯತೆ ಹೆಚ್ಚು. 'ಕುದಿ' ಮತ್ತು 'ಕುಡಿ' ಪದಗಳ ದಂತ್ಯ–ಮೂರ್ಧನ್ಯ ಭೇದವು ಬಹುಮಟ್ಟಿಗೆ ಮೇಲಿನ ಆವರ್ತನಗಳನ್ನು ಅವಲಂಬಿಸಿದೆ; ಅದು ಅಳಿಸಿಹೋಗುವ ಸಂಭವವೇ ಅಧಿಕ. ಹಾಗಾದರೆ ಕನ್ನಡದ ದ್ವಿತ್ವದ ಪರಿಚಯ ಜನನಪೂರ್ವದ್ದು, ಮೂರ್ಧನ್ಯದ ಪರಿಚಯ ಜನನೋತ್ತರದ್ದು ಎಂಬ ಊಹೆಗೆ ಎಡೆಯಿದೆ. ನವಜಾತ ಶಿಶುಗಳ ಚೀಪುವಿಕೆಯ ವೇಗವನ್ನು ಅಳೆದು ಈ ಊಹೆಯನ್ನು ಪರೀಕ್ಷಿಸಬಹುದು.

4. ಧ್ವನಿ ಯಾರದು ಎಂಬುದೂ ಮುಖ್ಯ. ಕಿಸಿಲೆವ್ಸ್ಕಿ ಮತ್ತು ಸಂಗಡಿಗರು 2003ರಲ್ಲಿ 60 ಪೂರ್ಣಾವಧಿ ಶಿಶುಗಳನ್ನು ಪರೀಕ್ಷಿಸಿದಾಗ, ತಾಯಿಯ ಧ್ವನಿಗೆ ಹೃದಯಬಡಿತ ಏರಿತು, ಅಪರಿಚಿತೆಯ ಧ್ವನಿಗೆ ಇಳಿಯಿತು. 2009ರ ಇನ್ನೊಂದು ಅಧ್ಯಯನದಲ್ಲಿ ಫ್ರೆಂಚ್ ನವಜಾತರ ಅಳು ಏರುಸ್ವರದತ್ತಲೂ ಜರ್ಮನ್ ನವಜಾತರ ಅಳು ಇಳಿಸ್ವರದತ್ತಲೂ ವಾಲಿತ್ತು. 2010ರಲ್ಲಿ ಬೈಯರ್ಸ್-ಹೈನ್ಲೈನ್ ಮತ್ತು ಸಂಗಡಿಗರು, ಗರ್ಭಾವಸ್ಥೆಯಲ್ಲಿ ಇಂಗ್ಲಿಷ್, ತಗಾಲೊಗ್ ಎರಡನ್ನೂ ಕೇಳಿದ ನವಜಾತರು ಎರಡರಲ್ಲೂ ಆಸಕ್ತಿ ತೋರಿ, ಅವನ್ನು ಬೇರ್ಪಡಿಸಿಯೂ ಗುರುತಿಸಿದರೆಂದು ತೋರಿಸಿದರು. ಲಂಬಾಣಿ–ಕನ್ನಡ, ದಖನಿ–ಕನ್ನಡ ಮನೆಗಳ ದ್ವಿಭಾಷಿಕತೆಯೂ ಹೀಗೆ ಹುಟ್ಟಿಗೆ ಮೊದಲೇ ಆರಂಭವಾಗುತ್ತಿರಬಹುದು.

5. ಮಗ್ಗದ ಸದ್ದಿನ ಪ್ರಶ್ನೆ ಬೇರೆ. ಒಂದೇ ಸದ್ದು ಮರುಕಳಿಸಿದರೆ ಶಿಶುವಿನ ಪ್ರತಿಕ್ರಿಯೆ ಕ್ರಮೇಣ ಕುಗ್ಗುತ್ತದೆ. ಹಾಗೆಂದು ಆ ಸದ್ದು ನಿರಪಾಯಕಾರಿ ಎನ್ನಲಾಗದು. ವಿದ್ಯುತ್ ಮಗ್ಗದ ಬಳಿ ತಾಯಿ ಧರಿಸುವ ಕಿವಿರಕ್ಷಕವು ಶಿಶುವನ್ನು ಕಾಯುವುದಿಲ್ಲ. ಕೆಳ ಆವರ್ತನದ ಗದ್ದಲ ಉದರವನ್ನು ಸುಲಭವಾಗಿ ದಾಟುತ್ತದೆ. ಹೊಟ್ಟೆಯ ಮೇಲೆ ಧ್ವನಿಸಾಧನವಿಟ್ಟು ಪದ ಕಲಿಸುವೆವೆಂಬ ಮಾತಿಗೂ ಮೇಲಿನ ಅಧ್ಯಯನಗಳಲ್ಲಿ ಆಧಾರವಿಲ್ಲ. ತಾಯಿಯ ನಿತ್ಯದ ಮಾತು ಶಿಶುವಿಗೆ ಭಾಷೆಯ ಲಯವನ್ನು ತಾನಾಗಿಯೇ ಪರಿಚಯಿಸುತ್ತದೆ.